ಮಾಸಾಶನ ನಿಂತರೆ ಯಾರ ಬಳಿಗೆ ಹೋಗಬೇಕು?

ಕಳೆದ ವರ್ಷ ರಮಝಾನ್‌ಗೆ ಮುಂಚೆ ಒಂದು ಸಂಜೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಆಸ್ಪತ್ರೆ ಚೀಟಿಗಳು, ಪಡಿತರ ಚೀಟಿ, ಆಧಾರ್‌ನ ಜೆರಾಕ್ಸ್ ಪ್ರತಿಗಳು, ಮುದುಡಿದ ಬ್ಯಾಂಕ್ ಪಾಸ್‌ಬುಕ್. ಅವರ ದೊಡ್ಡ ಮಗನಿಗೆ ಹತ್ತೊಂಬತ್ತು ವರ್ಷ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಅವನಿಗೆ ಬರುತ್ತಿದ್ದ ಅಂಗವಿಕಲರ ಮಾಸಾಶನ ಏಳು ತಿಂಗಳಿಂದ ನಿಂತಿತ್ತು.

“ಮೂರು ಸಲ ಹೋದೆ ಟೀಚರ್. ಇನ್ನು ಬರುವುದಿಲ್ಲ ಅಂದರು.”

“ಯಾಕೆ ಬರುವುದಿಲ್ಲವಂತೆ?”

“ಅದು ಹೇಳಲಿಲ್ಲ. ಹೊರಗೆ ಕೂತಿರುವವರೊಬ್ಬರು ಮಾಡಿಸಿಕೊಡುತ್ತೇನೆ ಅಂದರು. ಎರಡು ಸಾವಿರ ಕೊಟ್ಟೆ. ಈಗ ಅವರು ಫೋನ್ ಎತ್ತುತ್ತಿಲ್ಲ.”

ಬರುವುದಿಲ್ಲ ಎಂಬುದನ್ನು ಬರೆದು ಕೊಟ್ಟಿದ್ದಾರೆಯೇ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಸರಕಾರಿ ಕಚೇರಿಯಲ್ಲಿ ಇಲ್ಲ ಎಂಬ ಮಾತನ್ನು ಬರವಣಿಗೆಯಲ್ಲಿ ಕೇಳಬಹುದು ಎಂಬುದೇ ಅವರಿಗೆ ಹೊಸದಾಗಿತ್ತು. ನಿಜ ಹೇಳಬೇಕೆಂದರೆ ಕೆಲವು ವರ್ಷಗಳ ಹಿಂದೆ ನನಗೂ ಅದು ಗೊತ್ತಿರಲಿಲ್ಲ.

ಪ್ರೀತಿಯ ಸಹೋದರಿಯರೇ, ನಮ್ಮ ಮನೆಗಳಲ್ಲಿ ವಕೀಲರ ಹೆಸರು ಬರುವುದು ಆಸ್ತಿ ಜಗಳಕ್ಕೆ ಅಥವಾ ತಲಾಕ್‌ನ ವಿಷಯಕ್ಕೆ. ಮಾಸಾಶನದಂತಹ ಸಣ್ಣ ಮೊತ್ತಕ್ಕೆ ಯಾರಾದರೂ ವಕೀಲರ ಬಳಿಗೆ ಹೋಗುತ್ತಾರೆಯೇ, ಅವರಿಗೆ ಕೊಡುವ ಫೀಸಿನಲ್ಲೇ ಅದು ಮುಗಿದು ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಆದರೆ ಫೀಸು ಕೊಡಬೇಕಾಗಿಲ್ಲ. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂದು 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಲಾಯಿತು. ಅದನ್ನು ಜಾರಿಗೆ ತರಲು 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂತು. ಆ ಕಾಯ್ದೆಯ 12ನೇ ಕಲಮಿನಲ್ಲಿ ಯಾರಿಗೆಲ್ಲ ಉಚಿತ ನೆರವು ಸಿಗಬೇಕು ಎಂಬ ಪಟ್ಟಿಯಿದೆ. ಅದರಲ್ಲಿ ಮಹಿಳೆಯರಿದ್ದಾರೆ, ಮಕ್ಕಳಿದ್ದಾರೆ, ಅಂಗವಿಕಲರೂ ಇದ್ದಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ, ಗಂಡ ಗಲ್ಫ್‌ನಲ್ಲಿ ದುಡಿಯುತ್ತಿದ್ದರೂ ಮಹಿಳೆಯೆಂಬ ಕಾರಣಕ್ಕೇ ನೀವು ಅರ್ಹರು. ನಿಮ್ಮ ಅಂಗವಿಕಲ ಮಗುವೂ ಸ್ವತಃ ಅರ್ಹ. (ಮಾಸಾಶನಕ್ಕೆ ಆದಾಯದ ಮಿತಿ ಇದೆ, ವಕೀಲರ ನೆರವಿಗೆ ಇಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ಹಿಂದೆ ಸರಿದವರನ್ನು ನಾನು ನೋಡಿದ್ದೇನೆ.)

ಹೋಗಬೇಕಾದ ಜಾಗ ದೂರವೇನಿಲ್ಲ. ತಾಲೂಕು ನ್ಯಾಯಾಲಯದ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಕೋರ್ಟು ಎಂದೊಡನೆ ಎದೆ ನಡುಗುವುದು ಸಹಜ. ಆದರೆ ನೀವು ಹೋಗುತ್ತಿರುವುದು ಸಲಹೆ ಕೇಳಲು, ಕಟಕಟೆಯಲ್ಲಿ ನಿಲ್ಲಲಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ನಿಮ್ಮ ಕಷ್ಟವನ್ನು ಬರೆದು ಕೊಟ್ಟರೆ ಸಾಕು. ಬರೆಯಲು ಬಾರದವರ ಮಾತನ್ನು ಕೇಳಿ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. 15100 ಸಂಖ್ಯೆಗೆ ಫೋನ್ ಮಾಡಿಯೂ ವಿಚಾರಿಸಬಹುದು. ಅವರು ನೇಮಿಸಿದ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೇಳಿದರೆ ಅದೇ ಕಚೇರಿಗೆ ದೂರು ಕೊಡಿ.

ವಕೀಲರೆಂದರೆ ಮೊಕದ್ದಮೆಯೇ ಆಗಬೇಕೆಂದಿಲ್ಲ. ಹೆಚ್ಚಿನ ಪ್ರಕರಣಗಳು ಒಂದು ಪತ್ರದಲ್ಲಿ ಮುಗಿಯುತ್ತವೆ. ಆ ತಾಯಿಯ ವಿಷಯದಲ್ಲಿ ಆದದ್ದೂ ಅದೇ. ಸಮಿತಿಯ ವಕೀಲರು ತಹಶೀಲ್ದಾರರಿಗೆ ಬರೆದು, ಮಾಸಾಶನ ನಿಲ್ಲಿಸಿದ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೇಳಿದರು. ಉತ್ತರ ಬಂತು. ಆಧಾರ್‌ನಲ್ಲಿ ಹುಡುಗನ ಹೆಸರಿನ ಮುಂದೆ ‘ಮುಹಮ್ಮದ್’ ಎಂದಿದೆ, ಬ್ಯಾಂಕಿನಲ್ಲಿ ‘ಎಂಡಿ’ ಎಂದಿದೆ, ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಎರಡೂ ಇಲ್ಲ! ಒಬ್ಬ ಹುಡುಗ ಕಾಗದದಲ್ಲಿ ಮೂವರಾಗಿದ್ದ.

ಇದನ್ನು ಓದಿ ನಿಮ್ಮಲ್ಲಿ ಅನೇಕರು ನಕ್ಕಿರಬಹುದು, ಏಕೆಂದರೆ ಇದು ನಮ್ಮೆಲ್ಲರ ಮನೆಯ ಕಥೆ. ತಾಯಿ ಒಂದು ಕಡೆ ಬೀಬಿ, ಇನ್ನೊಂದು ಕಡೆ ಬಾನು, ಪಡಿತರ ಚೀಟಿಯಲ್ಲಿ ಬರೀ ‘ಬಿ’. ಮದುವೆಗೆ ಮುಂಚೆ ತಂದೆಯ ಹೆಸರು, ಆಮೇಲೆ ಗಂಡನ ಹೆಸರು. ಬರೆಯುವ ಗುಮಾಸ್ತರು ಕೇಳಿಸಿದಂತೆ ಬರೆದರು, ನಾವು ಓದದೆ ಸಹಿ ಹಾಕಿದೆವು. ಅರ್ಜಿ ಹಾಕುವ ಮುಂಚೆ ಎಲ್ಲ ಕಾಗದಗಳನ್ನೂ ನೆಲದ ಮೇಲೆ ಹರಡಿ, ಹೆಸರಿನ ಒಂದೊಂದು ಅಕ್ಷರವನ್ನೂ ಹುಟ್ಟಿದ ದಿನಾಂಕವನ್ನೂ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಬೇಕಾದರೆ ಅದನ್ನೂ ಕಾನೂನು ಸೇವಾ ಸಮಿತಿಯಲ್ಲೇ ಮಾಡಿಸಬಹುದು.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ ರಸೀದಿ ಕೇಳಿ ಪಡೆಯಿರಿ. ಅದರಲ್ಲಿ 15 ಅಂಕಿಗಳ ಸಂಖ್ಯೆಯೂ, ಯಾವ ದಿನದೊಳಗೆ ಕೆಲಸ ಆಗಬೇಕೆಂಬ ದಿನಾಂಕವೂ ಇರುತ್ತದೆ. 2011ರ ಸಕಾಲ ಕಾಯ್ದೆಯಂತೆ ಆ ದಿನ ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಷ್ಟು ಪರಿಹಾರವೂ ಇದೆ. ಹಣ ಚಿಕ್ಕದು, ಆದರೆ ಆ ರಸೀದಿ ಇದ್ದವರನ್ನು ನಾಳೆ ಬನ್ನಿ ಎಂದು ಕಳಿಸುವುದು ಅಷ್ಟು ಸುಲಭವಲ್ಲ.

ಇನ್ನು ಎಲ್ಲಕ್ಕೂ ಮೂಲವಾದ ವೈದ್ಯಕೀಯ ಪ್ರಮಾಣಪತ್ರ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆಗಳಷ್ಟೇ ಇದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಥಲಸೇಮಿಯಾ, ಹಿಮೋಫಿಲಿಯಾ, ಆಟಿಸಂ, ಪಾರ್ಕಿನ್ಸನ್ ಕಾಯಿಲೆ, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ತಿಂಗಳು ತಿಂಗಳು ಮಗುವಿಗೆ ರಕ್ತ ಹಾಕಿಸುವ ತಾಯಂದಿರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ಸಾಮಾನ್ಯವಾಗಿ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದವರಿಗೆ ಸರಕಾರದ ಸವಲತ್ತುಗಳು ಸಿಗುತ್ತವೆ. 2021ರ ಜೂನ್‌ನಿಂದ ಯುಡಿಐಡಿ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ಪ್ರಮಾಣಪತ್ರ ಕೊಡಬೇಕು. ಅರ್ಜಿ ಹಾಕಿದ ಮೇಲೆ ಆಸ್ಪತ್ರೆಗೆ ಹೋಗಿ ತಪಾಸಣೆ ಮುಗಿಸಿಕೊಳ್ಳುವುದು ಮರೆಯಬೇಡಿ. 2024ರ ತಿದ್ದುಪಡಿಯ ನಂತರ ಎರಡು ವರ್ಷ ತೀರ್ಮಾನವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗುತ್ತದೆ.

ವೈದ್ಯರು ಬರೆದ ಶೇಕಡಾವಾರು ಕಡಿಮೆಯಾಯಿತು ಎನಿಸಿದರೆ ಏನು ಮಾಡುವುದು? ಹೆಚ್ಚಿನವರು ಅಲ್ಲಿಗೇ ಬಿಟ್ಟು ಬಿಡುತ್ತಾರೆ. ಈ ಅಂಕಿಯ ಮೇಲೆ ಬಹಳ ನಿಂತಿದೆ. ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಬಡತನದ ರೇಖೆಯ ಕೆಳಗಿರುವುದರ ಜೊತೆಗೆ ಶೇಕಡಾ 80 ಅಂಗವಿಕಲತೆ ಬೇಕು. ರಾಜ್ಯದ ಮಾಸಾಶನದ ಮೊತ್ತವೂ ಶೇಕಡಾವಾರಿಗೆ ತಕ್ಕಂತೆ ಬದಲಾಗುತ್ತದೆ. ಕಾಯ್ದೆಯ 59ನೇ ಕಲಮಿನಂತೆ ಪ್ರಮಾಣಪತ್ರದ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ 90 ದಿನಗಳ ಅವಧಿ. ಪ್ರಮಾಣಪತ್ರವೇ ಕೊಡುವುದಿಲ್ಲ ಎಂದರೆ ಅದರ ಕಾರಣವನ್ನು ಬರೆದು ತಿಳಿಸುವುದು ವೈದ್ಯಕೀಯ ಪ್ರಾಧಿಕಾರದ ಕರ್ತವ್ಯ. ವಕೀಲರ ನೆರವು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಯಾವ ವರದಿಗಳನ್ನು ಲಗತ್ತಿಸಬೇಕು, ಯಾರಿಗೆ ಬರೆಯಬೇಕು ಎಂಬುದು ನಮ್ಮಂತಹವರಿಗೆ ತಿಳಿಯುವುದಿಲ್ಲ. ಆಸ್ಪತ್ರೆಯವರ ಮೇಲೆ ಕೋಪದಿಂದ ಕೂಗಾಡಿ 90 ದಿನ ಕಳೆದುಕೊಳ್ಳುವುದಕ್ಕಿಂತ ಮೊದಲ ವಾರವೇ ಕಾನೂನು ಸೇವಾ ಸಮಿತಿಗೆ ಹೋಗುವುದು ಮೇಲು.

ಎಲ್ಲಿಯೂ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ.

ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮಕ್ಕಳ ತಾಯಂದಿರಿಗೆ ಇನ್ನೊಂದು ಮಾತು. ಮಗುವಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿನಲ್ಲಿ ನೀವು ಅವನ ಪೋಷಕರಲ್ಲ. ಅವನ ಖಾತೆಯಿಂದ ಹಣ ತೆಗೆಯಲು, ಅವನ ಪರವಾಗಿ ಸಹಿ ಹಾಕಲು ತೊಡಕಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವಿಕಲತೆ ಇರುವವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂದಿದೆ. ಅದರಂತೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಿ ನೀವು ಕಾನೂನುಬದ್ಧ ಪೋಷಕರಾಗಬಹುದು. ನನ್ನ ಬಳಿಗೆ ಬಂದ ತಾಯಿಗೆ ಇದನ್ನು ಯಾರೂ ಹೇಳಿರಲಿಲ್ಲ. ವಕೀಲರು ಪಾಸ್‌ಬುಕ್ ನೋಡಿದಾಗಲೇ ತಿಳಿದದ್ದು.

ಅಂದು ಅವರು ಹೊರಡುವಾಗ, “ಅಲ್ಲಾಹನು ಕೊಟ್ಟದ್ದು, ಸಬ್ರ್ ಮಾಡಬೇಕು ಅಂತ ಮನೆಯಲ್ಲಿ ಹೇಳುತ್ತಾರೆ ಟೀಚರ್” ಅಂದರು. ಮಗನನ್ನು ಕೊಟ್ಟದ್ದು ಅಲ್ಲಾಹನು, ಸಬ್ರ್ ಅದಕ್ಕೆ. ಮಾಸಾಶನ ನಿಲ್ಲಿಸಿದ್ದು ಒಂದು ಕಚೇರಿ. ಅದಕ್ಕೆ ಅರ್ಜಿ ಬರೆಯೋಣ ಅಂದೆ. ಹಿರಿ ಮಗನ ವಿಷಯ ಊರಿಗೆ ತಿಳಿದರೆ ಮಗಳಿಗೆ ಸಂಬಂಧ ಬರುವುದು ಕಷ್ಟ ಎಂಬ ಭಯವೂ ಅವರ ಮನೆಯಲ್ಲಿತ್ತು. ಎಷ್ಟೋ ಮನೆಗಳಲ್ಲಿ ಪ್ರಮಾಣಪತ್ರ ಮಾಡಿಸದೇ ಇರುವುದಕ್ಕೆ ಕಾರಣ ಇದೇ. ಆ ಮನೆಗಳಲ್ಲಿ ತಾಯಿ ತೀರಿಕೊಂಡ ಮೇಲೆ ಆ ಮಗುವಿನ ಹೆಸರಿನಲ್ಲಿ ಒಂದು ಕಾಗದವೂ ಉಳಿಯುವುದಿಲ್ಲ.

ಹೆಸರು ತಿದ್ದಿಸಲು ಎರಡು ತಿಂಗಳು ಹಿಡಿಯಿತು. ಮಾಸಾಶನ ಮತ್ತೆ ಬರತೊಡಗಿದೆ. ನಿಂತಿದ್ದ ತಿಂಗಳುಗಳ ಬಾಕಿಗೆ ಹಾಕಿದ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಪೋಷಕತ್ವದ ಅರ್ಜಿಯ ವಿಚಾರಣೆಗೆ ಬರಲು ಜಿಲ್ಲಾಧಿಕಾರಿ ಕಚೇರಿಯಿಂದ ಪತ್ರ ಬಂದಿದೆ. ಮಗನನ್ನೂ ಕರೆದುಕೊಂಡು ಮುಂದಿನ ವಾರ ಅವರು ಹೋಗುತ್ತಾರೆ.