ಎದೆಮಾಂಸದ ಸಾರು ಮತ್ತು ಸೊಸೆಯ ತಟ್ಟೆ

ಪಾಸ್ಕ ಹಬ್ಬದ ಮರುದಿನ ಬೆಟಗೇರಿಯ ಪರಿಚಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ತಪಸ್ಸುಕಾಲದ ನಲವತ್ತು ದಿನಗಳ ಕಾಲ ಮಾಂಸದ ಪಾತ್ರೆಯನ್ನು ಅಟ್ಟಕ್ಕೇರಿಸಿದ್ದ ಮನೆ ಅದು. ಅಂದು ಒಲೆಯ ಮೇಲೆ ಎದೆಮಾಂಸ ಬೆಂದಿತ್ತು. ಬಿಳಿಜೋಳದ ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿಗಳೊಡನೆ ಮನೆಯೊಡತಿ ನಮಗೆ ಪ್ರೀತಿಯಿಂದ ಬಡಿಸಿದರು. ಗಂಡಸರೂ ಅತಿಥಿಗಳೂ ಮೊದಲ ಪಂಕ್ತಿಯಲ್ಲಿ ಕುಳಿತು ಉಂಡೆವು. ಎರಡನೆಯ ಪಂಕ್ತಿಗೆ ಆ ತಾಯಿ ಮತ್ತು ಏಳು ತಿಂಗಳ ಗರ್ಭಿಣಿಯಾದ ಅವರ ಸೊಸೆ ಕುಳಿತಾಗ ಪಾತ್ರೆಯಲ್ಲಿ ಉಳಿದಿದ್ದುದು ಸಾರು ಮಾತ್ರ. ನಾವು ಸಂಕೋಚಪಟ್ಟುದನ್ನು ಕಂಡು ಆ ತಾಯಿ ನಕ್ಕು ಹೇಳಿದರು: “ಇರಲಿ ಬಿಡ್ರಿ, ಸತ್ವ ಎಲ್ಲಾ ಸಾರಿನ್ಯಾಗs ಇಳದಿರ್ತದ.”

ಗೋಡೆಯ ಮೊಳೆಗೆ ಸೊಸೆಯ ತಾಯಿ ಕಾರ್ಡು ನೇತುಬಿದ್ದಿತ್ತು. ಅದರಲ್ಲಿ ಹಿಮೋಗ್ಲೋಬಿನ್ 8.4 ಎಂದು ಬರೆದಿತ್ತು. ಗರ್ಭಿಣಿಯರಲ್ಲಿ ಅದು 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಮೂರು ತುಂಡು ಮಾಂಸ ತಿಂದು ಕೈತೊಳೆದ ನಮಗೆ ಆ ಸಂಖ್ಯೆ ಬಹುಕಾಲ ಕಣ್ಣಮುಂದೆ ನಿಂತಿತು. ಈ ವಾರದ ನಮ್ಮ ಬರಹಕ್ಕೆ ಆ ಪಂಕ್ತಿಯೇ ಕಾರಣ.

ಯಾವುದು ಎದೆಮಾಂಸ?

ಇಂಗ್ಲಿಷರು ಬ್ರಿಸ್ಕೆಟ್ ಎಂದು ಕರೆಯುವ ಭಾಗವೇ ನಮ್ಮ ಎದೆಮಾಂಸ. ಮುಂಗಾಲುಗಳ ನಡುವೆ, ಪಕ್ಕೆಲುಬುಗಳ ಕೆಳಗೆ ಇರುವ ಎದೆಯ ಸ್ನಾಯುಗಳಿವು. ಮನುಷ್ಯನಿಗಿರುವಂತೆ ದನ ಎಮ್ಮೆಗಳಿಗೆ ಕೊರಳೆಲುಬು ಇಲ್ಲ. ಆದುದರಿಂದ ನಿಂತಾಗಲೂ ನಡೆದಾಗಲೂ ಮೈಭಾರದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹೊರುವ ಮುಂಭಾಗದಲ್ಲಿ ಈ ಸ್ನಾಯುಗಳು ಜೀವಮಾನವಿಡೀ ದುಡಿಯುತ್ತವೆ. ದುಡಿದ ಸ್ನಾಯು ಗಟ್ಟಿ. ಅದರ ಎಳೆಗಳನ್ನು ಕೊಲಾಜನ್ ಎಂಬ ನಾರು ಬಿಗಿದು ಕಟ್ಟಿರುತ್ತದೆ. ಪ್ರಾಣಿಗೆ ವಯಸ್ಸಾದಷ್ಟೂ ಆ ನಾರಿನ ಹೆಣಿಗೆ ಬಲಿಯುತ್ತದೆ. ಆ ಕಾರಣದಿಂದಲೇ ತೊಡೆ, ಬೆನ್ನಿನ ಮಾಂಸಕ್ಕಿರುವ ಬೇಡಿಕೆ ಎದೆಮಾಂಸಕ್ಕೆ ಬಹುತೇಕ ಇಲ್ಲ. ಬಡವರ ಮನೆಗೆ ಅದು ಸೇರುವುದೂ ಅದೇ ಕಾರಣದಿಂದ.

ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಉಂಟು. 1964ರ ಕಾಯ್ದೆಯು ಹಸುವಿನ ವಧೆಯನ್ನು ನಿಷೇಧಿಸಿ, ಹನ್ನೆರಡು ವರ್ಷ ಮೀರಿದ ಎತ್ತು, ಕೋಣ, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ನೀಡಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯು ಎತ್ತು ಹೋರಿಗಳನ್ನೂ ನಿಷೇಧದೊಳಗೆ ತಂದಿತು. ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ, ಅದೂ ಅಧಿಕೃತ ಪ್ರಮಾಣಪತ್ರವಿದ್ದು ಅಧಿಕೃತ ವಧಾಗೃಹದಲ್ಲಿ, ಅವಕಾಶ ಉಳಿಯಿತು. ಆದುದರಿಂದ ಕರ್ನಾಟಕದ ಅಡುಗೆಮನೆಯಲ್ಲಿ ಇಂದು ಎದೆಮಾಂಸವೆಂದರೆ ಮುದಿ ಎಮ್ಮೆಯ ಎದೆಮಾಂಸ ಎಂದೇ ಅರ್ಥ. ಎಮ್ಮೆಯ ಕೊಬ್ಬು ಹಳದಿಯಲ್ಲ, ಅಚ್ಚ ಬಿಳಿ. ಮಾಂಸದ ಬಣ್ಣ ಗಾಢ ಕೆಂಪು. ಕೊಳ್ಳುವವರು ಇದನ್ನು ಅರಿತಿರಬೇಕು, ಪರವಾನಗಿಯುಳ್ಳ ಅಂಗಡಿಯಲ್ಲಿಯೇ ಕೊಳ್ಳಬೇಕು. ಅದು ದೊರೆಯದ ಕಡೆ ಕುರಿಯ ಎದೆಭಾಗವನ್ನು ತಂದರಾಯಿತು. ಮುಂಡರಗಿ, ಶಿರಹಟ್ಟಿಗಳ ಕುರಿಹಟ್ಟಿಗಳಿಗೆ ಬರವೇನೂ ಇಲ್ಲ. ಕುರಿಯ ಎದೆಭಾಗವೂ ನಾರು ಕೊಬ್ಬುಗಳಿಂದ ಕೂಡಿದ್ದು. ಮುಂದೆ ಹೇಳುವ ನಿಯಮಗಳೆಲ್ಲ ಅರ್ಧ ವೇಳೆಯಲ್ಲಿ ಅದಕ್ಕೂ ಸಲ್ಲುತ್ತವೆ.

ಸತ್ವ ಎಲ್ಲಿದೆ?

ಈಗ ಆ ತಾಯಿಯ ಮಾತನ್ನು ಪರಿಶೀಲಿಸೋಣ. ಸತ್ವವೆಲ್ಲ ಸಾರಿಗೆ ಇಳಿದಿರುತ್ತದೆಯೆ?

ನೂರು ಗ್ರಾಂ ಕೊಬ್ಬಿಲ್ಲದ ಹಸಿ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನು, 2ರಿಂದ 2.5 ಮಿಲಿಗ್ರಾಂ ಕಬ್ಬಿಣ, 4 ಮಿಲಿಗ್ರಾಮಿನಷ್ಟು ಸತು, ಜೊತೆಗೆ ಬಿ-12 ಜೀವಸತ್ವ ಇರುತ್ತವೆ. ಬೆಂದಾಗ ನೀರಿಳಿದು ಒಂದು ಕಿಲೋ ಮಾಂಸ ಆರುನೂರು ಗ್ರಾಮಿನ ಆಸುಪಾಸಿಗೆ ಬರುತ್ತದೆ. ಸಾರಿಗೆ ಇಳಿಯುವುದು ಉಪ್ಪು, ರುಚಿ, ಕರಗಿದ ಕೊಬ್ಬು, ಬಿ ಗುಂಪಿನ ಕೆಲವು ಜೀವಸತ್ವಗಳ ಒಂದು ಪಾಲು ಮತ್ತು ಕೊಲಾಜನ್ ಕರಗಿ ಆದ ಜಿಲೆಟಿನ್. ತಣ್ಣಗಾದ ಸಾರು ಮುದ್ದೆಗಟ್ಟುವುದು ಈ ಜಿಲೆಟಿನ್ನಿನಿಂದ. ಅದನ್ನು ಕಂಡೇ ನಮ್ಮ ಹಿರಿಯರು ಸಾರಿನಲ್ಲಿ ಬಲವಿದೆ ಎಂದು ನಂಬಿದರು. ಆದರೆ ಜಿಲೆಟಿನ್ ಅಪೂರ್ಣ ಪ್ರೋಟೀನು. ದೇಹಕ್ಕೆ ಅತ್ಯವಶ್ಯವಾದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಅದರಲ್ಲಿ ಇಲ್ಲ. ರಕ್ತಕ್ಕೆ ಬೇಕಾದ ಕಬ್ಬಿಣದ ಬಹುಪಾಲು ತುಂಡಿನಲ್ಲಿಯೇ ಉಳಿಯುತ್ತದೆ. ಸಾರು ನಾಲಗೆಗೆ ಹಿತ, ಜ್ವರದಲ್ಲಿ ಗಂಟಲಿಗೆ ಹಿತ. ರಕ್ತವನ್ನು ಅದೊಂದೇ ಹೆಚ್ಚಿಸದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕು. ಮುಟ್ಟಾಗುವ ವಯಸ್ಸಿನ ಹೆಣ್ಣಿಗೆ 29 ಮಿಲಿಗ್ರಾಂ ಬೇಕು. ಹೆಚ್ಚು ಬೇಕಾದವರಿಗೆ ಸಾರು, ಕಡಿಮೆ ಸಾಕಾದವರಿಗೆ ತುಂಡು ಎಂಬುದು ನಮ್ಮ ಪಂಕ್ತಿಯ ಪದ್ಧತಿಯಾಗಿದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ರಕ್ತಹೀನರೆಂದು ಕಂಡಿತು. ಬಡತನ, ಬೇನೆ, ಜಂತುಹುಳು, ಮೇಲಿಂದ ಮೇಲೆ ಹೆರಿಗೆ ಇವೆಲ್ಲ ಇದಕ್ಕೆ ಕಾರಣ. ಆದರೆ ಒಂದೇ ಛಾವಣಿಯ ಕೆಳಗೆ, ಒಂದೇ ಪಾತ್ರೆಯಿಂದ ನಡೆಯುವ ಹಂಚಿಕೆಯೂ ಒಂದು ಕಾರಣವೆಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು.

ರೊಟ್ಟಿಯ ಗೆಳೆಯ

ನಮ್ಮ ಎರೆಭೂಮಿಯ ಜೋಳ ಕಬ್ಬಿಣವಿಲ್ಲದ ಧಾನ್ಯವಲ್ಲ. ನೂರು ಗ್ರಾಮಿನಲ್ಲಿ ಸುಮಾರು 4 ಮಿಲಿಗ್ರಾಂ ಇದೆ. ಆದರೆ ಕಾಳುಕಡಿಗಳಲ್ಲಿರುವ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ದೇಹ ಹೀರಿಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲಿಗೂ ಕಡಿಮೆ. ಮಾಂಸದ ಕಬ್ಬಿಣದ ದೊಡ್ಡದೊಂದು ಭಾಗ ಹೀಮ್ ರೂಪದಲ್ಲಿದ್ದು, ಅದರ ಕಾಲುಭಾಗದಷ್ಟನ್ನು ದೇಹ ಹೀರಬಲ್ಲುದು. ಅಷ್ಟೇ ಅಲ್ಲ, ಒಂದೇ ತಟ್ಟೆಯಲ್ಲಿ ಮಾಂಸವಿದ್ದರೆ ರೊಟ್ಟಿಯ ಕಬ್ಬಿಣವೂ ಹೆಚ್ಚು ದಕ್ಕುತ್ತದೆ. ನಿಂಬೆ, ಹಸಿ ಟೊಮೆಟೊ ಮೊದಲಾದವುಗಳ ಸಿ ಜೀವಸತ್ವವೂ ಅದೇ ಉಪಕಾರ ಮಾಡುತ್ತದೆ. ಊಟವಾದ ಕೂಡಲೆ ಚಹಾ ಕುಡಿಯುವ ನಮ್ಮ ಚಾಳಿ ಮಾತ್ರ ಈ ಲಾಭವನ್ನೆಲ್ಲ ಕಳೆಯುವಂಥದು. ಚಹಾ ಒಂದು ತಾಸು ತಡೆಯಲಿ.

ಮಾಂಸ ತಿನ್ನದ ಮನೆಗಳಿಗೂ ದಾರಿ ಮುಚ್ಚಿಲ್ಲ. ಮೊಳಕೆ ಬರಿಸಿದ ಹೆಸರು, ಮಡಕೆಕಾಳು, ಸೊಪ್ಪು, ಅದರ ಮೇಲೆ ಹಿಂಡಿದ ನಿಂಬೆರಸ, ಕಬ್ಬಿಣದ ಹಂಚು ಬಾಣಲೆಗಳ ಬಳಕೆ ಇವೆಲ್ಲ ಸಹಾಯಕ. ಗರ್ಭಿಣಿಗೆ ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯಂತೂ ಯಾವ ಅಡುಗೆಯಿಂದಲೂ ತುಂಬಲಾಗದ ಸ್ಥಾನವುಳ್ಳದ್ದು. ಮಾತ್ರೆ ಹೊಟ್ಟೆ ತೊಳಸುತ್ತದೆಂದು ಡಬ್ಬಿಯಲ್ಲಿ ಮುಚ್ಚಿಡುವ ಸೊಸೆಯಂದಿರನ್ನು ನಾವು ಬಲ್ಲೆವು. ಅವರು ವೈದ್ಯರೊಡನೆ ಮಾತನಾಡಿ ವೇಳೆ ಬದಲಿಸಿಕೊಳ್ಳಲಿ, ನಿಲ್ಲಿಸದಿರಲಿ.

ಬೇಯಿಸುವ ಬಗೆ

ಎದೆಮಾಂಸಕ್ಕೆ ಬೇಕಾದುದು ತಾಳ್ಮೆ. ಕೊಲಾಜನ್ ಅರವತ್ತು ಎಪ್ಪತ್ತು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೊದಲು ಮುದುಡಿ ಬಿಗಿಯುತ್ತದೆ. ಎಂಬತ್ತು ದಾಟಿದ ಹದವಾದ ಬಿಸಿಯಲ್ಲಿ ತಾಸುಗಟ್ಟಲೆ ಇದ್ದರೆ ಮಾತ್ರ ಜಿಲೆಟಿನ್ನಾಗಿ ಕರಗುತ್ತದೆ. ಅರ್ಧ ತಾಸು ಕುದಿಸಿ, ಗಟ್ಟಿಯಾಯಿತೆಂದು ಮಾಂಸವನ್ನು ಬೈಯುವವರು ಬಿಗಿದ ಹಂತದಲ್ಲಿಯೇ ಒಲೆ ಆರಿಸಿದವರು.

ಒಂದು ಕಿಲೋ ಎಮ್ಮೆಯ ಎದೆಮಾಂಸ ತೆಗೆದುಕೊಳ್ಳಿರಿ. ಮೇಲಿನ ದಪ್ಪ ಕೊಬ್ಬನ್ನು ತೆಗೆದು ತೆಳುಪದರ ಉಳಿಸಿ, ಎರಡು ಅಂಗುಲದ ದೊಡ್ಡ ತುಂಡುಗಳಾಗಿ ಮಾಡಿರಿ. ಸಣ್ಣ ತುಂಡು ಬೇಗ ಒಣಗುತ್ತದೆ. ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಶಿನ ಹಚ್ಚಿ ರಾತ್ರಿ ಫ್ರಿಜ್ಜಿನಲ್ಲಿಡಿರಿ. ಮುಂಜಾನೆ ಕಬ್ಬಿಣದ ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾಯಿಸಿ, ನಾಲ್ಕಾರು ತುಂಡುಗಳಂತೆ ಹಾಕಿ ಎಲ್ಲ ಮೈಯೂ ಕಂದಾಗುವಂತೆ ಹುರಿಯಿರಿ. ಒಮ್ಮೆಗೇ ಸುರಿದರೆ ನೀರೊಡೆದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಅದೇ ಎಣ್ಣೆಯಲ್ಲಿ ನಾಲ್ಕು ಉಳ್ಳಾಗಡ್ಡಿ ಬಾಡಿಸಿ, ಹತ್ತು ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ನಾಲ್ಕು ಲವಂಗ, ತುಣುಕು ಚಕ್ಕೆ, ಒಂದು ಬೆಳ್ಳುಳ್ಳಿ ಗಡ್ಡೆ, ಶುಂಠಿ ಇವಿಷ್ಟನ್ನು ಅರೆದು ಕೂಡಿಸಿರಿ.

ಎರಡು ಬಟ್ಟಲು ನೀರು ಹಾಕಿ ಕುಕ್ಕರಿನಲ್ಲಿಡಿರಿ. ಮೊದಲ ಸೀಟಿ ಆದೊಡನೆ ಉರಿ ಸಣ್ಣದು ಮಾಡಿ ಮುಕ್ಕಾಲು ತಾಸಿನಿಂದ ಒಂದು ತಾಸು ಬಿಡಿರಿ. ಒತ್ತಡ ತಾನಾಗಿ ಇಳಿಯಲಿ. ಕುಕ್ಕರಿನೊಳಗೆ ಬಿಸಿ ನೂರಿಪ್ಪತ್ತು ಡಿಗ್ರಿಯವರೆಗೆ ಏರುವುದರಿಂದ ನಾಲ್ಕು ತಾಸಿನ ಕೆಲಸ ಒಂದು ತಾಸಿನಲ್ಲಿ ಆಗುತ್ತದೆ. ದಪ್ಪ ತಳದ ಪಾತ್ರೆಯಾದರೆ ಮುಚ್ಚಳ ಬಿಗಿದು, ಗುಳ್ಳೆ ಆಗೊಂದು ಈಗೊಂದು ಏಳುವಂತೆ ಮೂರು ನಾಲ್ಕು ತಾಸು ಬೇಯಿಸಿರಿ. ಚಮಚದ ಅಂಚಿಗೆ ತುಂಡು ಬಿಚ್ಚಿಕೊಂಡರೆ ಹದ. ಇಲ್ಲವಾದರೆ ಮತ್ತೆ ಕಾಲು ತಾಸು. ಕೊನೆಯಲ್ಲಿ ಎರಡು ಹಿಡಿ ಪುಂಡಿಸೊಪ್ಪು ಹಾಕಿ ಹತ್ತು ನಿಮಿಷ ಕುದಿಸಿರಿ. ಪುಂಡಿಯ ಹುಳಿ ಕೊಬ್ಬಿನ ಜಿಡ್ಡನ್ನು ಮುರಿಯುತ್ತದೆ. ಗೋವೆ, ಮಂಗಳೂರು ಕಡೆಯಿಂದ ಬಂದ ಮನೆಗಳಲ್ಲಿ ಈ ಕೆಲಸವನ್ನು ಶಿರ್ಕಾ ಮಾಡುತ್ತದೆ. ನಮ್ಮ ಮುಸಲ್ಮಾನ ನೆರೆಯವರು ದಾಲ್ಚಾದಲ್ಲಿ ಕಡಲೆಬೇಳೆಯನ್ನೂ ಹುಣಸೆಹುಳಿಯನ್ನೂ ಕೂಡಿಸಿ, ಅರ್ಧ ಕಿಲೋ ಮಾಂಸದಲ್ಲಿ ಹತ್ತು ಮಂದಿಗೆ ಪ್ರೋಟೀನು ಉಣಿಸುವ ಜಾಣ್ಮೆ ತೋರುತ್ತಾರೆ.

ಸಾಧ್ಯವಾದರೆ ಅಡುಗೆಯನ್ನು ಹಿಂದಿನ ದಿನವೇ ಮಾಡಿ, ಆರಿದ ಕೂಡಲೆ ಫ್ರಿಜ್ಜಿನಲ್ಲಿಡಿರಿ. ಮರುದಿನ ಮೇಲೆ ಕೆನೆಗಟ್ಟಿದ ಬಿಳಿ ಕೊಬ್ಬನ್ನು ಚಮಚದಿಂದ ಎತ್ತಿ ತೆಗೆದು ಮತ್ತೆ ಕಾಯಿಸಿರಿ. ಹೃದ್ರೋಗ, ಸಕ್ಕರೆ ಕಾಯಿಲೆಗಳುಳ್ಳ ಮನೆಯಲ್ಲಿ ಇದೊಂದು ಕ್ರಮ ಬಹಳ ಉಪಕಾರಿ. ಅರೆಬೆಂದ ಮಾಂಸದಿಂದ ಲಾಡಿಹುಳು ತಗಲುವ ಅಪಾಯವಿರುವುದರಿಂದ ಪೂರ್ಣ ಬೇಯದುದನ್ನು ಎಂದಿಗೂ ಬಡಿಸಬಾರದು.

ಅಳತೆಯೂ ನೆರೆಯೂ

ಒಳ್ಳೆಯದೆಂದು ದಿನವೂ ತಿನ್ನುವಂಥದಲ್ಲ ಇದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಉಪ್ಪು, ಹೊಗೆಗಳಿಂದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರುಕಾರಕವೆಂದೂ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರುಕಾರಕವೆಂದೂ ವರ್ಗೀಕರಿಸಿತು. ವಾರಕ್ಕೆ ಬೆಂದ ಮಾಂಸ 350ರಿಂದ 500 ಗ್ರಾಂ ಮೀರದಿರಲಿ ಎಂಬುದು ತಜ್ಞರ ಸಲಹೆ. ವಾರಕ್ಕೊಮ್ಮೆ ಈ ಪಾತ್ರೆ ಒಲೆಗೇರುವ ಮನೆಗೆ ಈ ಭಯವಿಲ್ಲ. ಮೂತ್ರಪಿಂಡದ ಬೇನೆ, ಯೂರಿಕ್ ಆಮ್ಲದ ಸಂಧಿನೋವು ಇರುವವರು ವೈದ್ಯರನ್ನು ಕೇಳಿಯೇ ತಿನ್ನಲಿ.

ಇನ್ನೊಂದು ಮಾತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ನಮ್ಮವರ ಮನೆಗಳು ವಿರಳ. ನೆರೆಯವರು ಬಹುಮಟ್ಟಿಗೆ ಶಾಕಾಹಾರಿಗಳು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠವಿರುವ ಶಿರಹಟ್ಟಿಯ ನೆಲ ಇದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಚರ್ಚಿಸಿದ್ದೂ ಮಾಂಸದ ವಿಷಯವನ್ನೇ. ತಿನ್ನುವ ಸ್ವಾತಂತ್ರ್ಯಕ್ಕಿಂತ ಪಕ್ಕದವನ ಮನಸ್ಸು ದೊಡ್ಡದೆಂಬುದು ಅಲ್ಲಿಯ ಸಾರ. ನಮ್ಮ ತಟ್ಟೆಗೆ ನಾವು ನಾಚಬೇಕಾಗಿಲ್ಲ, ಅದನ್ನು ಬೀದಿಗೆ ಹಿಡಿಯಬೇಕಾಗಿಯೂ ಇಲ್ಲ.

ಆದರೆ ಮನೆಯೊಳಗೇ ಇರುವ ನೆರೆಯವಳನ್ನು ನಾವು ಮರೆತಿದ್ದೇವೆ. ಬೆಟಗೇರಿಯ ಆ ಮನೆಗೆ ನಾವು ಮತ್ತೆ ಹೋದಾಗ ಈ ಸಂಗತಿಗಳನ್ನೆಲ್ಲ ಆ ತಾಯಿಗೆ ವಿವರಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಅತ್ತಿನೂ ನನಗ ಹಂಗs ಹೇಳಿದ್ರು” ಎಂದರು. ಬಳಿಕ ಎದ್ದು ಒಳಗೆ ಹೋಗಿ, ಬಡಿಸುವ ಮೊದಲೇ ನಾಲ್ಕು ತುಂಡುಗಳನ್ನು ಬೇರೆ ಬಟ್ಟಲಿಗೆ ತೆಗೆದು, ಮೇಲೊಂದು ತಟ್ಟೆ ಮುಚ್ಚಿದರು.

ಓದುಗರಲ್ಲಿ ನಮ್ಮ ವಿನಂತಿಯೂ ಇಷ್ಟೆ. ಮುಂದಿನ ಭಾನುವಾರ ಪಾತ್ರೆ ಒಲೆಯಿಂದ ಇಳಿದಾಗ ಮೊದಲು ತುಂಡುಗಳನ್ನು ಎಣಿಸಿರಿ. ಬಸುರಿ, ಬಾಣಂತಿ, ಬೆಳೆಯುವ ಹುಡುಗಿ ಇವರ ಪಾಲು ಮೊದಲು ಬಟ್ಟಲಿಗೆ ಬೀಳಲಿ. ಉಳಿದುದನ್ನು ನಾವು ಗಂಡಸರು ಹಂಚಿಕೊಳ್ಳೋಣ. ನಮಗೆ ಸಾರೇ ಉಳಿದರೂ ಚಿಂತೆಯಿಲ್ಲ. ಇಷ್ಟು ದಿನ ಅದರಲ್ಲಿಯೇ ಸತ್ವವಿದೆಯೆಂದು ಹೇಳಿದವರು ನಾವೇ ಅಲ್ಲವೆ?