ಕನ್ನಡಕದ ಬೆಲೆ ಕೊನೇ ಪುಟದಲ್ಲಿ

ಆನ್‌ಲೈನ್ ಜಾಹೀರಾತಲ್ಲಿ ಕನ್ನಡಕ ಬರೀ 500 ರೂಪಾಯಿ! ತಾಳಿ, ಅದು ಬಹಳ ಸಲ ಫ್ರೇಮಿನ ಬೆಲೆ ಅಷ್ಟೇ. ನಿಮ್ಮ ಪವರ್ ಹಾಕಿದ ಮೇಲೆ ನೋಡಿ: ತೆಳು ಗ್ಲಾಸಿಗೆ ಇಷ್ಟು, ಕೋಟಿಂಗಿಗೆ ಅಷ್ಟು, ನೀಲಿ ಬೆಳಕು ತಡೆಯೋ ಬ್ಲೂ ಕಟ್‌ಗೆ ಇನ್ನಷ್ಟು. ಅಂದಹಾಗೆ, ಬ್ಲೂ ಕಟ್ ಹಾಕಿದ್ರೆ ಕಣ್ಣಿನ ಆಯಾಸ ಇಳಿಯುತ್ತೆ ಅನ್ನೋದಕ್ಕೆ ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ಪರಿಶೀಲಿಸೋ ಕಾಕ್ರೇನ್‌ನ 2023ರ ವಿಮರ್ಶೆಗೆ ಗಟ್ಟಿ ಆಧಾರ ಸಿಗಲಿಲ್ಲ.

ದುಡ್ಡು ಕಟ್ಟೋ ಕೊನೇ ಪುಟದಲ್ಲಿ ಡೆಲಿವರಿ ಚಾರ್ಜು. ಜೊತೆಗೆ, ನೀವು ಕೇಳದೇ ಟಿಕ್ ಆಗಿರೋ ಮೆಂಬರ್‌ಶಿಪ್ಪು. ಹೀಗೆ ಮಾಡೋ ಹಾಗೇ ಇಲ್ಲ. ತೆರಿಗೆ, ಡೆಲಿವರಿ ಎಲ್ಲ ಸೇರಿಸಿ ಒಟ್ಟು ಬೆಲೆ ತೋರಿಸಬೇಕು ಅನ್ನುತ್ತೆ 2020ರ ಇ-ಕಾಮರ್ಸ್ ನಿಯಮ. ಕೇಳದ್ದನ್ನ ಕಾರ್ಟಿಗೆ ತುರುಕೋದನ್ನ 2023ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನ ಯಾಮಾರಿಸೋ ತಂತ್ರ) ಮಾರ್ಗಸೂಚಿ ನಿಷೇಧಿಸಿದೆ.

ನಿಜವಾದ ತಲೆನೋವು ವಾಪಸ್ ಕಳಿಸೋದು. ಪವರ್ ಗ್ಲಾಸನ್ನ ನಿಮ್ಮ ಕಣ್ಣಿಗಂತಲೇ ಮಾಡಿರ್ತಾರೆ, ಇನ್ನೊಬ್ಬರಿಗೆ ಮಾರೋಕಾಗಲ್ಲ. ಹಾಗಾಗಿ ದುಡ್ಡು ಕೊಡೋಕ್ಕಿಂತ ಮುಂಚೆ ರಿಟರ್ನ್ ನಿಯಮ ಓದಿ: ಗ್ಲಾಸಿನ ಹಣ ವಾಪಸ್ ಬರುತ್ತಾ? ಕೊರಿಯರ್ ಖರ್ಚು ಯಾರದ್ದು?

ಆರ್ಡರ್ ಮಾಡೋಕೆ ಪವರ್ ಜೊತೆ ಪಿ.ಡಿ.ನೂ ಬೇಕು. ಪಿ.ಡಿ. ಅಂದ್ರೆ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ, ಮಿಲಿಮೀಟರಲ್ಲಿ. ಇದು ತಪ್ಪಿದ್ರೆ ಪವರ್ ಸರಿಯಿದ್ರೂ ತಲೆ ನೋಯಬಹುದು. ಡಾಕ್ಟರ ಚೀಟಿಯಲ್ಲಿ ಎಷ್ಟೋ ಸಲ ಇದು ಇರಲ್ಲ. ಕೇಳಿ ಬರೆಸ್ಕೊಳ್ಳಿ.

ಬಾಕ್ಸ್ ಬಂದಾಗ ಬಿಚ್ಚೋದನ್ನ ವಿಡಿಯೊ ಮಾಡಿ. ಕಾಲು ಮುರಿದಿದ್ರೆ, ಗ್ಲಾಸಿಗೆ ಗೀರು ಬಿದ್ದಿದ್ರೆ ಸಾಕ್ಷಿ ಬೇಕಲ್ಲ! ಆಮೇಲೆ ಹತ್ತಿರದ ಕನ್ನಡಕದಂಗಡಿಗೆ ಹೋಗಿ. ಲೆನ್ಸೋಮೀಟರಲ್ಲಿ ಇಟ್ಟು ನೋಡಿದ್ರೆ ಪವರ್ ಸರಿಯಿದೆಯಾ ಅಂತ ತಕ್ಷಣ ಗೊತ್ತಾಗುತ್ತೆ.

ಕಂಪನಿ ಕೈ ಎತ್ತಿದ್ರೆ? ಬಿಲ್ಲು, ಆರ್ಡರ್ ನಂಬರ್ ಇಟ್ಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ದೂರು ಹೇಳಬಹುದು.