ಜರಿ ದಾರದ ಲೆಕ್ಕ: ಒಂದು ಹೊಲಿಗೆ ಘಟಕದ ಅನುಭವ

ವೆಚ್ಚ ಪಟ್ಟಿಯಲ್ಲಿ 'ದಾರ' ಎಂಬುದು ಸಾಮಾನ್ಯವಾಗಿ ಕೊನೆಯ ಸಾಲು. ಅದರ ಮೊತ್ತವೂ ಅಲ್ಪ. ಆದುದರಿಂದಲೇ ಕಳೆದ ಮದುವೆ ಹಂಗಾಮಿನಲ್ಲಿ ನಮ್ಮ ಕಕ್ಷಿದಾರರೊಬ್ಬರ ಕಸೂತಿ ಘಟಕಕ್ಕೆ 300 ರವಿಕೆಗಳ ಆದೇಶ ಬಂದಾಗ, ದರಪಟ್ಟಿಯನ್ನು ಪರಿಶೀಲಿಸಿದ ನಾನು ಆ ಸಾಲಿನಲ್ಲಿ ಪಾಲಿಯೆಸ್ಟರ್ ದಾರದ ಬದಲು ಹೊಳೆಯುವ ಜರಿ ದಾರದ ಬೆಲೆಯನ್ನಷ್ಟೇ ತಿದ್ದಿ ಒಪ್ಪಿಗೆ ನೀಡಿದೆನು. ತಪ್ಪು ನನ್ನದೇ ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

ವಿನ್ಯಾಸದಲ್ಲಿ 12,000 ಹೊಲಿಗೆಗಳು. ನಿಮಿಷಕ್ಕೆ 800 ಹೊಲಿಗೆಯ ವೇಗದಲ್ಲಿ ರವಿಕೆಯೊಂದಕ್ಕೆ 15 ನಿಮಿಷ. ಕೂಲಿ, ಯಂತ್ರ, ವಿದ್ಯುತ್ತು ಸೇರಿ ನಿಮಿಷಕ್ಕೆ 3 ರೂಪಾಯಿಯಂತೆ 45, ದಾರಕ್ಕೆ 9, ಉಳಿದದ್ದು ಲಾಭ. ಒಟ್ಟು ದರ 60 ರೂಪಾಯಿ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು.

ಮೂರನೆಯ ದಿನ ಘಟಕಕ್ಕೆ ಹೋದಾಗ ಯಂತ್ರಗಳು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚಾಗಿತ್ತು. ರವಿಕೆಯೊಂದಕ್ಕೆ ಸುಮಾರು 12 ಬಾರಿ ದಾರ ಕಡಿಯುತ್ತಿತ್ತು. ಪ್ರತಿ ಬಾರಿ ಪೋಣಿಸಿ ಮತ್ತೆ ಆರಂಭಿಸಲು 2 ನಿಮಿಷ. 15 ನಿಮಿಷದ ಕೆಲಸ 39 ನಿಮಿಷಕ್ಕೆ ಏರಿತ್ತು. ಆದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಈ ನಷ್ಟ ಪೂರ್ತಿಯಾಗಿ ಕಾಣುತ್ತಿರಲಿಲ್ಲ. ಕೂಲಿ ತುಂಡಿನ ಲೆಕ್ಕದ್ದು, ರವಿಕೆಗೆ 15 ರೂಪಾಯಿ. ಗಂಟೆಗೆ 60 ರೂಪಾಯಿ ದುಡಿಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳು 23 ರೂಪಾಯಿಗೆ ಇಳಿದಿದ್ದರು. ಅಂದರೆ ನಮ್ಮ ದರಪಟ್ಟಿಯ ದೋಷವನ್ನು ಅವರ ಚೀಲದಿಂದ ತುಂಬಿಸಿಕೊಳ್ಳುತ್ತಿದ್ದೆವು. ಅವರಲ್ಲೊಬ್ಬರು ಮರುದಿನದಿಂದ ಬರುವುದಿಲ್ಲವೆಂದು ಹೇಳಿಯೂ ಆಗಿತ್ತು.

ಈ ದಾರದ ಸ್ವಭಾವವನ್ನು ನನಗೆ ತಿಳಿಸಿಕೊಟ್ಟವರೂ ಅವರೇ. ಅಸಲಿ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಸೂರತ್ ನಗರ ಅದಕ್ಕೆ ಹೆಸರಾಗಿದೆ. ಯಂತ್ರಕ್ಕೆ ಬರುವುದು ಸಾಮಾನ್ಯವಾಗಿ ಬೇರೆ ಜಾತಿ: ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಸೀಳಿ ಒಳದಾರವೊಂದಕ್ಕೆ ಸುತ್ತಿರುತ್ತಾರೆ. ಮೇಲ್ದಾರದ ಪ್ರತಿಯೊಂದು ತುಣುಕೂ ಬಟ್ಟೆಯಲ್ಲಿ ನೆಲೆಗೊಳ್ಳುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಹಿಂದೆ ಮುಂದೆ ಉಜ್ಜಿಕೊಳ್ಳುತ್ತದೆ. ಪಟ್ಟಿ ಸುಲಿಯುತ್ತದೆ, ಕಣ್ಣಿನಲ್ಲಿ ಗುಂಜಾಗುತ್ತದೆ, ದಾರ ಕಡಿಯುತ್ತದೆ. ಉರುಳೆಯ ತುದಿಯಿಂದ ಎಳೆದರೆ ಸುತ್ತಿಗೊಂದು ಹುರಿ ಏರಿ ಗಂಟು ಬೀಳುವುದು ಇನ್ನೊಂದು ಕಾಟ.

ಒಂದು ದಿನ ಉತ್ಪಾದನೆಯನ್ನು ನಿಲ್ಲಿಸಿ, ದಿನಗೂಲಿ ಕೊಟ್ಟು, ಚೂರು ಬಟ್ಟೆಯ ಮೇಲೆ ಪ್ರಯೋಗ ಮಾಡಿಸಿದೆವು. ಮಾಲೀಕರು ಮೊದಲು ಒಪ್ಪಲಿಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ. 75/11ರ ಸೂಜಿಯ ಬದಲು ದೊಡ್ಡ ಕಣ್ಣಿನ 90/14ರ ಸೂಜಿ. ಮೇಲ್ದಾರದ ಬಿಗಿತ ಸಡಿಲ. ಉರುಳೆ ತಾನೇ ತಿರುಗಿ ದಾರ ಬಿಡುವಂತೆ ಬದಲಾದ ಜೋಡಣೆ. ವೇಗ 800ರಿಂದ 500ಕ್ಕೆ. ವೇಗವನ್ನು ಇಳಿಸಿದರೆ ಕೆಲಸ ಇನ್ನೂ ತಡವಾಗುತ್ತದೆಂದೇ ನಾನು ವಾದಿಸಿದ್ದೆ. ಆದರೆ ಹೊಲಿಗೆಗೆ 24 ನಿಮಿಷ, ಮೂರು ಬಾರಿ ಕಡಿದದ್ದಕ್ಕೆ 6, ಒಟ್ಟು 30 ನಿಮಿಷದಲ್ಲಿ ರವಿಕೆ ಮುಗಿಯಿತು. ಅನಂತರ ತುಂಬುಹೊಲಿಗೆಯ ಸಾಂದ್ರತೆಯನ್ನು ಕಡಿಮೆ ಮಾಡಿ 9,000 ಹೊಲಿಗೆಗೆ ಇಳಿಸಿದರು. ಈ ದಾರ ಸ್ವತಃ ಗಡುಸಾದುದರಿಂದ ಒತ್ತೊತ್ತಾಗಿ ತುಂಬುವುದು ಅನಾವಶ್ಯಕವೂ ಹೌದು. ಆಗ 18 ನಿಮಿಷದ ಹೊಲಿಗೆ, ಎರಡು ಬಾರಿ ಕಡಿತ, ಒಟ್ಟು 22 ನಿಮಿಷ.

ಕೂಲಿಯನ್ನು ರವಿಕೆಗೆ 22 ರೂಪಾಯಿಗೆ ಏರಿಸಿದೆವು. ವೆಚ್ಚ 66, ದಾರ 9, ಒಟ್ಟು 75 ರೂಪಾಯಿ. ವ್ಯಾಪಾರಿಗೆ ತುಂಡು ಬಟ್ಟೆಯನ್ನೂ ಲೆಕ್ಕವನ್ನೂ ತೋರಿಸಿದಾಗ ಅವರು 72 ರೂಪಾಯಿಗೆ ಒಪ್ಪಿದರು. ಅದಕ್ಕೂ ಮಿಗಿಲಾಗಿ ಚೌಕಾಶಿ ಮಾಡುವ ಮುಖ ನಮಗಿರಲಿಲ್ಲ.

ವರ್ಷಾಂತ್ಯದಲ್ಲಿ ಮಾಲೀಕರು ಆ ಮೂರು ದಿನಗಳಲ್ಲಿ ಹಾಳಾದ ಬಟ್ಟೆಯ ಬೆಲೆಯನ್ನು ಉಳಿದ ದಾಸ್ತಾನಿಗೆ ಸೇರಿಸಬಹುದೇ ಎಂದು ಕೇಳಿದರು. ಸಾಧ್ಯವಿಲ್ಲ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಅಸಹಜ ಪ್ರಮಾಣದ ವ್ಯರ್ಥವು ದಾಸ್ತಾನಿನ ವೆಚ್ಚಕ್ಕೆ ಸೇರತಕ್ಕದ್ದಲ್ಲ. ಆ ಅವಧಿಯ ಖರ್ಚಾಗಿಯೇ ಬರೆಯಬೇಕು. ಹಾಗೆಯೇ ಬರೆದೆವು. ಆದರೆ ಹೊಂದಿಸಿದ ಮೇಲೂ ರವಿಕೆಗೆ ಎರಡು ಬಾರಿ ಕಡಿಯುವುದು ಈ ದಾರದ ಸಹಜ ಗುಣ. ಅದಕ್ಕೆ ತಗಲುವ 4 ನಿಮಿಷ ಮುಂದಿನ ದರಪಟ್ಟಿಯಲ್ಲಿ ಇರಲೇಬೇಕು.

ಬಿಡುವೆನೆಂದಿದ್ದ ಹೆಣ್ಣುಮಗಳು ಉಳಿದುಕೊಂಡರು. ಮೊದಲ ಮೂರು ದಿನಗಳಲ್ಲಿ ಅವರಿಬ್ಬರಿಗೂ ಕಡಿಮೆಯಾದ ಕೂಲಿಯನ್ನು ತಿಂಗಳ ಕೊನೆಗೆ ಲೆಕ್ಕ ಹಾಕಿ ಕೊಡಿಸಲಾಯಿತು. ಈಗ ಆ ಘಟಕದ ದರಪಟ್ಟಿಯ ನಮೂನೆಯಲ್ಲಿ 'ಪ್ರಯೋಗದ ನಿಮಿಷಗಳು' ಎಂಬ ಹೊಸ ಅಂಕಣವಿದೆ. ಅದನ್ನು ತುಂಬಿ ಸಹಿ ಮಾಡುವವರು ಯಂತ್ರದ ಮುಂದೆ ಕುಳಿತವರು, ನಾನಲ್ಲ.